ಗೋಧಿ ಬಣ್ಣದವರು

ತಾರಾ ಮೈಸೂರಿನಲ್ಲಿ ಶರೀರಶಾಸ್ತ್ರ ಓದಿದವಳು. ಗಂಡ ಅಶ್ವತ್ಥನನ್ನು ಅವನ ಕಂಪನಿ ಜಪಾನಿಗೆ ಕಳಿಸಿದಾಗ ಜೊತೆಗೆ ಬಂದಳು. ಮಗಳು ಶಾಲೆಗೆ ಸೇರುವ ತನಕ ಮನೆಯಲ್ಲಿದ್ದಳು. ಆ ವರ್ಷಗಳನ್ನು ಹಾಳು ಮಾಡದೆ ಜಪಾನೀ ಭಾಷೆ ಕಲಿತಳು. ಆ ಭಾಷೆಯ ಬಲದಿಂದಲೇ ಟೋಕಿಯೋ ಪಕ್ಕದ ವಾಕೋ ಊರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ, ಘಾನಾ ದೇಶದ ಡಾಕ್ಟರ್ ಎಫುವಾ ಅವರಿಗೆ ಸಹಾಯಕಿಯಾದಳು.

ಎಫುವಾ ಭಾನುವಾರಗಳಂದು ಕಾವಾಸಾಕಿಯ ಸಮುದಾಯ ಭವನದಲ್ಲಿ ಆಫ್ರಿಕಾದ ಕಾರ್ಮಿಕರಿಗೆ ಪಾಠ ಮಾಡುತ್ತಿದ್ದರು. ಉಸಿರು ಕಟ್ಟಿದಾಗ ಡಾಕ್ಟರಿಗೆ ಏನು ಹೇಳಬೇಕು, ತುಟಿಯ ಒಳಭಾಗವೂ ಉಗುರೂ ನೀಲಿಗಟ್ಟಿವೆಯೇ ಎಂದು ಏಕೆ ನೋಡಿಕೊಳ್ಳಬೇಕು ಎಂಬಂಥ ಪಾಠ. ವಾರದ ದಿನಗಳಲ್ಲಿ ಸಂಶೋಧನೆ. ಎರಡಕ್ಕೂ ಕಾರಣ ಎಬೊ ಎಂಬ ವೆಲ್ಡರ್. ಕೊರೋನಾ ಕಾಲದಲ್ಲಿ ಅವನು ಏದುಸಿರು ಬಿಡುತ್ತ ಒಂದು ಆಸ್ಪತ್ರೆಗೆ ಹೋದ. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಉಪಕರಣ ತೊಂಬತ್ತಾರು ತೋರಿಸಿತು, ಮನೆಗೆ ಕಳಿಸಿದರು. ಮರುದಿನ ಆಂಬುಲೆನ್ಸಿನಲ್ಲಿ ಬಂದವನ ರಕ್ತ ತೆಗೆದು ನೋಡಿದರೆ ನಿಜವಾದ ಅಂಕಿ ಎಂಬತ್ತೈದೂ ಇರಲಿಲ್ಲ. ಬದುಕಿದ, ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ.

ಈ ಉಪಕರಣ ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಕಪ್ಪು ಚರ್ಮದಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು ಬೇರೆ ದೇಶಗಳವರು ಬರೆದಿದ್ದರು. ಆ ಆಸ್ಪತ್ರೆಯ ಆಡಳಿತದವರು ಎಫುವಾ ಅವರ ಮಾತನ್ನು ತಲೆಬಾಗಿಸಿ ಕೇಳಿ, ನಾವು ಬಳಸುವ ಮಾದರಿಯ ಮೇಲೆಯೇ ಪರೀಕ್ಷೆ ಮಾಡಿ ತನ್ನಿ ಎಂದರು. ತಪ್ಪು ಕಂಡರೆ ಕಪ್ಪು ಚರ್ಮದ ರೋಗಿಗಳಿಗೆ ರಕ್ತಪರೀಕ್ಷೆ ಕಡ್ಡಾಯ ಮಾಡುತ್ತೇವೆಂದರು. ಮಾರ್ಚ್ ಕೊನೆಗೆ ಅನುದಾನ ಮುಗಿಯುತ್ತಿತ್ತು.

ಪರೀಕ್ಷೆಗೆ ಬಂದ ಆರೋಗ್ಯವಂತರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಸ್ವಲ್ಪ ಹೊತ್ತು ಉಸಿರಾಡಿಸಿ, ಮಣಿಕಟ್ಟಿನಿಂದ ರಕ್ತ ತೆಗೆದು, ಉಪಕರಣದ ಅಂಕಿಯೊಂದಿಗೆ ಹೋಲಿಸಬೇಕು. ಹಾಳಾದ ಶ್ವಾಸಕೋಶದ ಎಬೊನನ್ನು ತೆಗೆದುಕೊಳ್ಳುವಂತಿರಲಿಲ್ಲ. ಅವನು ಕಾರ್ಖಾನೆಯ ಗೇಟಿನಲ್ಲಿ ನಿಂತು ಗೆಳೆಯರನ್ನು ಕಾಡಿ ಕಳಿಸಿದ. ವಾರದ ದಿನ ರಜೆ ಯಾರಿಗೆ ಸಿಗುತ್ತದೆ? ಬಂದವರು ಬೆರಳೆಣಿಕೆಯಷ್ಟು.

ಆಗ ತಾರಾ ಹೇಳಿದಳು: "ಡಾಕ್ಟರ್, ಉಪಕರಣ ನೋಡುವುದು ಚರ್ಮವನ್ನು, ಪಾಸ್‌ಪೋರ್ಟನ್ನಲ್ಲ. ನಮ್ಮವರಲ್ಲೂ ಕಪ್ಪಗಿರುವವರು ಬೇಕಾದಷ್ಟು ಜನ ಇದ್ದಾರೆ."

ಕನ್ನಡದವರನ್ನು ಕರೆದಳು. ಬಂದರು. ಕಂಪನಿಗೆ ರಜೆ ಹಾಕಿ, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು, ಮಕ್ಕಳನ್ನೂ ಕಟ್ಟಿಕೊಂಡು, ಪಿಕ್ನಿಕ್ಕಿಗೆ ಬಂದಂತೆ ಬಂದರು.

ಬಣ್ಣವನ್ನು ದಾಖಲಿಸುವುದಕ್ಕೆ ಹತ್ತು ಚೌಕಗಳ ಒಂದು ಪಟ್ಟಿ ಇತ್ತು; ಒಂದು ಅತಿ ತಿಳಿ, ಹತ್ತು ಅತಿ ಕಪ್ಪು. ಒಬ್ಬರ ಬಣ್ಣವನ್ನು ಇನ್ನೊಬ್ಬರು ಹೇಳುವುದು ಅವಮಾನವೆಂದು ಪ್ರಯೋಗಾಲಯದ ನೀತಿ ಸಮಿತಿ ತೀರ್ಮಾನಿಸಿತ್ತು. ಆಯಾ ವ್ಯಕ್ತಿಯೇ ಆರಿಸಬೇಕು. ಸಹಾಯಕರು ತುಟಿ ಬಿಚ್ಚಬಾರದು. ಕಾಗದದ ಮೇಲೆ ಸಭ್ಯವಾದ ನಿಯಮವೇ.

ಮೊದಲು ಕುಳಿತವರು ಲಿಂಗರಾಜು, ಮಿನಾಟೋದ ಕಂಪನಿಯೊಂದರ ಮ್ಯಾನೇಜರು. ಒಳ್ಳೆಯ ಕಡುಗಪ್ಪು ಮನುಷ್ಯ. ಪಟ್ಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು, ನಾಲ್ಕನೇದು. ಅಲ್ವೇನೇ?"

ಹೆಂಡತಿ ಸತ್ಯವತಿ ನಕ್ಕರು. "ನಾಲ್ಕಾ? ರೀ, ಟ್ಯೂಬ್‌ಲೈಟ್ ಕೆಳಗೆ ಕೂತಿದೀರಾ ಏನು?"

"ಗೋಧಿ ಬಣ್ಣ ಕಣೇ. ನಮ್ಮಪ್ಪ ಬಯೋಡೇಟಾದಲ್ಲಿ ಹಂಗೇ ಬರ್ಸಿದ್ರು. ನೀನು ಓದೇ ತಾನೇ ಒಪ್ಪಿದ್ದು?"

"ಫೋಟೋ ಓವರ್‌ಎಕ್ಸ್‌ಪೋಸ್ ಆಗಿತ್ತು!"

"ಇಲ್ಲಿ ಬಿಸಿಲಿಗೆ ಸ್ವಲ್ಪ ಟ್ಯಾನ್ ಆಗಿದೆ ಅಷ್ಟೇ. ಏನ್ ತಾರಾ ಮೇಡಂ, ಕರೆಕ್ಟಾ?"

ತಾರಾ ಗೋಡೆಯ ಕಡೆ ನೋಡಿದಳು. "ನಾನು ಹೇಳೋ ಹಾಗಿಲ್ಲ ಸರ್. ನಿಮಗೆ ಅನ್ಸಿದ್ದು ಹಾಕಿ."

ನಾಲ್ಕು ಎಂದು ಹಾಕಿದರು. ಸತ್ಯವತಿ ಅಷ್ಟು ಹಾಸ್ಯ ಮಾಡಿದವರು ತಮ್ಮ ಸರದಿ ಬಂದಾಗ ಸದ್ದಿಲ್ಲದೆ ಮೂರು ಹಾಕಿದರು. ಅವರ ನಂತರ ಕುಳಿತ ಗಿರಿಧರ್ ಮೂರು. ಅವನ ಹೆಂಡತಿ ನಮ್ರತಾ, "ಕೈ ನೋಡ್ಬೇಕಾ, ಮುಖ ನೋಡ್ಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡು ಹಾಕಿದಳು. ಎಬೊನ ಗೆಳೆಯರು ಒಂಬತ್ತು, ಹತ್ತು ಎಂದು ಯೋಚಿಸದೆ ಗುರುತು ಹಾಕಿ ಹೋಗಿದ್ದರು. ನಮ್ಮವರಲ್ಲಿ ಐದನ್ನು ದಾಟಿದವರೇ ಇಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಹುಟ್ಟಿದಂದಿನಿಂದ ಮನೆಯಲ್ಲಿ ಹೇಳಿಕೊಂಡು ಬಂದದ್ದನ್ನು ನಂಬಿದ್ದರು.

ಆ ಸಂಜೆಯೇ ತಾರಾ ಎಫುವಾ ಅವರಿಗೆ ತಿಳಿಸಿದಳು. ಎಫುವಾ ಸಮಿತಿಗೆ ಬರೆದರು. ಪರೀಕ್ಷೆ ಶುರುವಾದ ಮೇಲೆ ವಿಧಾನ ಬದಲಿಸಲಾಗದು, ಕ್ಷಮಿಸಿ ಎಂದು ಉತ್ತರ ಬಂತು. ಗುರುತು ಹಾಕಿದವರು ತಾವಾಗಿ ಬಂದು ತಿದ್ದಲು ಅವಕಾಶವಿತ್ತು. ತಿದ್ದಿ ಎನ್ನಲು ಯಾರಿಗೂ ಅವಕಾಶವಿರಲಿಲ್ಲ. ಯಾರೂ ಬರಲಿಲ್ಲ.

ಫಲಿತಾಂಶ ಮೊದಲೇ ಗೊತ್ತಿದ್ದಂತೆಯೇ ಬಂತು. ಉಪಕರಣ ಕಪ್ಪು ಗುಂಪಿನಲ್ಲಿ ತಪ್ಪು ತೋರಿಸಿತ್ತು. "ತಿಳಿ ಬಣ್ಣದ" ಗುಂಪಿನಲ್ಲೂ, ಅಂದರೆ ನಮ್ಮವರಲ್ಲೂ, ಹೆಚ್ಚುಕಡಿಮೆ ಅಷ್ಟೇ ತಪ್ಪು. ಹಾಗಾಗಿ ಬಣ್ಣಕ್ಕೂ ತಪ್ಪಿಗೂ ಸಂಬಂಧ ಕಾಣಲಿಲ್ಲವೆಂದು ವರದಿ ಮುಗಿಯಿತು. ಜನ ತಮ್ಮ ಬಣ್ಣವನ್ನು ತಾವೇ ಸರಿಯಾಗಿ ಹೇಳದಿರಬಹುದೆಂದು ಎಫುವಾ ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದರು. ಕೊನೆಯ ವಾಕ್ಯಗಳನ್ನು ಯಾರೂ ಓದುವುದಿಲ್ಲ. ಅನುದಾನ ಮುಗಿದು ಅವರು ನಗೋಯಾದ ಆಸ್ಪತ್ರೆಯೊಂದಕ್ಕೆ ಹೋದರು. ಭಾನುವಾರದ ಪಾಠವನ್ನು ತಾರಾ ಮುಂದುವರಿಸಿದಳು.

ಈ ಚಳಿಗಾಲ ಎಬೊಗೆ ನ್ಯುಮೋನಿಯಾ ಆಯಿತು. ಏದುಸಿರಿನಲ್ಲಿ ಮಾತಾಡಲು ಆಗದ್ದಕ್ಕೆ ತಾರಾಳನ್ನು ಕರೆಸಿಕೊಂಡ. ಅದೇ ಆಸ್ಪತ್ರೆ. ಡಾಕ್ಟರ್ ಚಿಕ್ಕ ವಯಸ್ಸಿನವನು, ಸಂಭಾವಿತ. ಬೆರಳಿಗೆ ಉಪಕರಣ ಸಿಕ್ಕಿಸಿದ. ತೊಂಬತ್ತೈದು.

"ಮಾತ್ರೆ ಬರೆದುಕೊಡುತ್ತೇನೆ. ಮನೆಯಲ್ಲಿ ವಿಶ್ರಾಂತಿ ಸಾಕು."

"ಸುಮಿಮಾಸೆನ್, ಕ್ಷಮಿಸಿ, ದಯವಿಟ್ಟು ರಕ್ತ ತೆಗೆದು ನೋಡಿ. ಇವರ ಚರ್ಮದಲ್ಲಿ ಅದು ಹೆಚ್ಚು ತೋರಿಸುತ್ತದೆ."

ಡಾಕ್ಟರ ಮುಖದಲ್ಲಿ ನಿಜವಾದ ಸಂಕೋಚವಿತ್ತು. "ನಮಗೂ ಆ ಅನುಮಾನವಿತ್ತು. ವಾಕೋದ ಅಧ್ಯಯನ ಬಂದ ಮೇಲೆ ಬಿಟ್ಟೆವು." ಅವಳು ಕೊಟ್ಟಿದ್ದ ಹೆಸರಿನ ಕಾರ್ಡನ್ನು ಮತ್ತೊಮ್ಮೆ ನೋಡಿದ. "ತಾರಾ ಸಾನ್, ಅದು ನಿಮ್ಮದೇ ಅಧ್ಯಯನವಲ್ಲವೇ?"

ತಾರಾ ಚೌಕಗಳ ಕಥೆ ಹೇಳತೊಡಗಿದಳು. ಲಿಂಗರಾಜು, ಬಯೋಡೇಟಾ, ಗೋಧಿ ಬಣ್ಣ. ಜಪಾನೀ ಭಾಷೆಯಲ್ಲಿ ಗೋಧಿ ಬಣ್ಣವೆಂದರೆ ಗೋಧಿಯ ಬಣ್ಣ, ಅಷ್ಟೇ. ಡಾಕ್ಟರ್ ತಾಳ್ಮೆಯಿಂದ ಕೇಳಿ, ಅಂಕಿ ತೊಂಬತ್ತಮೂರಕ್ಕೆ ಇಳಿದರೆ ಖಂಡಿತ ರಕ್ತ ತೆಗೆಯುತ್ತೇನೆಂದು ಹೇಳಿ, ಮುಂದಿನ ರೋಗಿಯನ್ನು ಕರೆದ.

ಎಬೊ ಮನೆಗೆ ಹೋಗಲು ಒಪ್ಪಲಿಲ್ಲ. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತರು. ನರ್ಸ್ ಕನಿಕರಪಟ್ಟು ಉಪಕರಣವನ್ನು ಅವನ ಬೆರಳಲ್ಲೇ ಬಿಟ್ಟಿದ್ದಳು. ಅವನ ಭುಜ ಉಸಿರಿಗೊಮ್ಮೆ ಮೇಲೇಳುತ್ತಿತ್ತು. ತಾರಾ ಅವನ ಕೆಳತುಟಿಯನ್ನು ಮಗುಚಿ ನೋಡಿದಳು. ನೀಲಿಗಟ್ಟಿತ್ತು. ನರ್ಸನ್ನು ಕರೆದು ತೋರಿಸಿದಳು. ನರ್ಸ್ ಬಗ್ಗಿ ತುಟಿ ನೋಡಿ, ಆಮೇಲೆ ಬೆರಳು ನೋಡಿ, "ತೊಂಬತ್ತೈದೇ ಇದೆ" ಎಂದಳು.