ನೆನಪಿನಿಂದ ಕರೆದ ಹಾಜರಿ

ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದು ಎಷ್ಟು, ಆಮೇಲೆ ನಾನೇ ಕಟ್ಟಿಕೊಂಡದ್ದು ಎಷ್ಟು ಎಂದು ನನಗೆ ಗೊತ್ತಿಲ್ಲ. ಬಿದ್ದದ್ದಂತೂ ನೆನಪಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಮೋಟರ್‌ಸೈಕಲ್ ಮೇಲೆ ಬರುತ್ತಿದ್ದೆನಂತೆ. ಬಸ್ಸು ಲಾರಿಗಳ ಗಾಲಿ ತುಳಿದು ಕಾಳು ಬಿಡಿಸಲಿ ಎಂದು ಟಾರು ರಸ್ತೆಯ ಮೇಲೆ ಹುರುಳಿ ಬಳ್ಳಿ ಹರಡುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಅದರ ಮೇಲೆ ಜಾರಿದೆ ಎಂದು ಒಬ್ಬರು ಹೇಳಿದರು, ಎಮ್ಮೆ ಅಡ್ಡ ಬಂತು ಎಂದು ಇನ್ನೊಬ್ಬರು. ತಲೆ ಕಲ್ಲಿಗೆ ಬಡಿದದ್ದರ ಬಗ್ಗೆ ಮಾತ್ರ ಎರಡು ಮಾತಿರಲಿಲ್ಲ.

ಹನ್ನೊಂದು ದಿನ ಪ್ರಜ್ಞೆ ಇರಲಿಲ್ಲವಂತೆ. ಆಸ್ಪತ್ರೆಯಿಂದ ಮನೆಗೆ ಬಂದವನು ನಾನೇ ಎಂದು ಹೆಂಡತಿಗೆ ನಂಬಿಕೆ ಇತ್ತೋ ಇಲ್ಲವೋ. ಪಂಪ್ ಸ್ಟೋವಿನ ಸದ್ದಿಗೆ ಕೂಗಾಡುತ್ತಿದ್ದೆ. ಪೇಪರಿನ ಕ್ರಿಕೆಟ್ ಸುದ್ದಿ ಓದಿ ಅಳುತ್ತಿದ್ದೆ. ಉಂಡದ್ದನ್ನು ಮರೆತು, ಇನ್ನೂ ಯಾಕೆ ಬಡಿಸಿಲ್ಲ ಎಂದು ಜಗಳ ತೆಗೆಯುತ್ತಿದ್ದೆ.

"ಈಗಷ್ಟ ಉಂಡೀರಿ. ಕೈ ಮೂಸಿ ನೋಡ್ಕೊಳ್ರಿ," ಎನ್ನುತ್ತಿದ್ದಳು.

ಮೂಸಿ ನೋಡಿಕೊಳ್ಳುತ್ತಿದ್ದೆ. ಅವಳದೇ ನಿಜ. ಹರಕೆ ಹೊತ್ತು ನನ್ನ ತೋಳಿಗೆ ದಾರ ಕಟ್ಟಿಸಿದ್ದಳು, ಹರಿದು ಹಾಕಿದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು ನಾನು, ಸಾಕ್ಷಿ ಇಲ್ಲದ್ದನ್ನು ನಂಬುವವನಲ್ಲ. ಆದರೆ ಈಗ ನನ್ನ ತಲೆಯೇ ನೆಚ್ಚಲಾಗದ ಸಾಕ್ಷಿಯಾಗಿತ್ತು.

ನನಗೆ ಬೇಕಾಗಿದ್ದದ್ದು ಒಂದೇ, ಮತ್ತೆ ಕ್ಲಾಸು. ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಹಾಜರಿ ಪುಸ್ತಕ ತೆರೆಯದೆ ಇಡೀ ತರಗತಿಯ ಹೆಸರುಗಳನ್ನು ನೆನಪಿನಿಂದಲೇ ಕರೆದು, ಗುರುತು ಆಮೇಲೆ ಹಾಕುವುದು ನನ್ನ ಪದ್ಧತಿ, ನನ್ನ ಜಂಬ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ಹೆಡ್‌ಮಾಸ್ತರ ಮನೆಗೆ ಹೋಗಿ ಪಟ್ಟು ಹಿಡಿದೆ.

"ಒಂದು ಪೀರಿಯಡ್ ತಗೊಳ್ರಿ ಮಾಸ್ತರ, ಹತ್ತನೇ ಕ್ಲಾಸು. ಆಮ್ಯಾಲ ನೋಡೋಣು," ಎಂದರು.

ಆ ದಿನ ಚೆನ್ನಾಗಿ ನೆನಪಿದೆ ಎಂದೇ ತಿಳಿದಿದ್ದೆ. ಪುಸ್ತಕ ಮುಚ್ಚಿಟ್ಟು ಕರೆಯತೊಡಗಿದೆ. ಎಲ್ಲೂ ತಡವರಿಸಲಿಲ್ಲ. ಪ್ರತಿ ಹೆಸರಿಗೂ "ಹಾಜರ್ ಸಾರ್" ಬಂತು. ಪಾಠ ಏನು ಮಾಡಿದೆನೋ ತಿಳಿಯದು. ಮನೆಗೆ ಓಡಿ ಬಂದು, "ಎಲ್ಲಾ ಹೆಸರೂ ಬಂದ್ವು, ಒಂದೂ ಬಿಡಲಿಲ್ಲ," ಎಂದು ಹೆಂಡತಿಗೆ ಹೇಳಿದೆ. ಅಪಘಾತವಾದ ಮೇಲೆ ಅವಳು ನಕ್ಕದ್ದು ಅಂದೇ ಮೊದಲು.

ಮರುದಿನ ಹೆಡ್‌ಮಾಸ್ತರು ನನ್ನನ್ನು ಲ್ಯಾಬಿನ ಉಸ್ತುವಾರಿಗೆ ಹಾಕಿದರು. ಕ್ಲಾಸು ಮತ್ತೆ ಕೊಡಲೇ ಇಲ್ಲ. ಏಳೆಂಟು ವರ್ಷ ಗಾಜಿನ ಬೀಕರು ಒರೆಸುತ್ತ ಅವರನ್ನು ದ್ವೇಷಿಸಿದೆ. ಅವರಿಗೆ ಹೊಟ್ಟೆಕಿಚ್ಚು ಎಂದು ಕಂಡವರಿಗೆಲ್ಲ ಹೇಳಿದೆ. ಕುಳಿತಲ್ಲಿ ಕುಳಿತಿರಲಾಗದೆ ರಜೆಯ ದಿನ ಸಿಕ್ಕ ಬಸ್ಸು ಹತ್ತಿ ಹಡಗಲಿಗೋ ಹರಪನಹಳ್ಳಿಗೋ ಹೋಗಿ, ನಿಲ್ದಾಣದಲ್ಲಿ ಚಹಾ ಕುಡಿದು ವಾಪಸಾಗುತ್ತಿದ್ದೆ. ನಾನು ಇನ್ನೂ ಮಾಸ್ತರನೇ ಎಂದು ಹೇಳಿಕೊಳ್ಳಲು ಆ ಒಂದು ದಿನ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಅಂಥ ಒಂದು ತಿರುಗಾಟದಲ್ಲಿ, ಹಗರಿಬೊಮ್ಮನಹಳ್ಳಿಯ ನಿಲ್ದಾಣದ ಎದುರಿನ ಗ್ಯಾರೇಜಿನಿಂದ ಮೆಕ್ಯಾನಿಕ್ಕೊಬ್ಬ ಕೈ ಒರೆಸಿಕೊಳ್ಳುತ್ತ ಬಂದು ನಮಸ್ಕರಿಸಿದ. ಹೆಸರು ಹೇಳಿದ; ಆ ಹತ್ತನೇ ಕ್ಲಾಸಿನವನಂತೆ. ನನಗೆ ಗುರುತು ಸಿಗಲಿಲ್ಲ. ಚಹಾ ತರಿಸಿದ.

"ಅವತ್ತು ಹೆಸರೆಲ್ಲ ಬಾಯಿಲೇ ಕರೆದಿದ್ದೆ. ನೆನಪೈತೇನು?" ಎಂದೆ.

ಅವನು ಗ್ಲಾಸು ಕೆಳಗಿಟ್ಟ. "ಸಿಟ್ಟಾಗಬ್ಯಾಡ್ರಿ ಸಾರ್. ಅವು ನಮ್ಮ ಹೆಸರಲ್ರಿ. ಎರಡು ವರ್ಷ ಹಿಂದಿನ ಬ್ಯಾಚಿನವು. ನಮ್ಮಣ್ಣಂದೂ ಇತ್ತು."

"ಮತ್ತ ಹಾಜರ್ ಅಂದವರು ಯಾರಲೇ?"

"ನಾವ ರೀ. ಸಾರ್ ಏನ್ ಮಾಡಿದ್ರೂ ನಗಬ್ಯಾಡ್ರಿ ಅಂತ ಹೆಡ್‌ಮಾಸ್ತರು ಮೊದಲ ಹೇಳಿದ್ರು. ಮೊದಲನೇ ಹೆಸರಿಗೆ ಯಾರೂ ಮಾತಾಡಲಿಲ್ಲ. ನಿಮ್ಮ ಮುಖ ನೋಡಾಕ ಆಗಲಿಲ್ಲ. ಹಿಂದಿನ ಬೆಂಚಿನವ ಒಬ್ಬ ಹಾಜರ್ ಅಂದ, ಆಮ್ಯಾಲ ಎಲ್ಲಾರೂ ಸುರು ಮಾಡಿದ್ವಿ. ನಾಟಕದಾಗ ಪಾರ್ಟ್ ಮಾಡವ ಒಬ್ಬ ಇದ್ದ; ದನಿ ಬದ್ಲಿಸಿ ಬದ್ಲಿಸಿ ನಾಕು ಹೆಸರಿಗೆ ಅವನೊಬ್ಬನ ಹಾಜರ್ ಅಂದ! ನಮ್ಮಣ್ಣನ ಹೆಸರಿಗೆ ನಾನ ಅಂದ್ನಿ. ಹೆಡ್‌ಮಾಸ್ತರು ಕಿಡಕಿಯಾಗ ನಿಂತು ಕೇಳಾಕತ್ತಿದ್ರು."

"ಸುಳ್ಳು ಹೇಳ್ತಿ," ಎಂದೆ. ಅವನು ಜಗಳಕ್ಕೆ ಬರಲಿಲ್ಲ. ಬಸ್ಸಿನವರೆಗೆ ಬಂದು ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟ.

ಹೆಂಡತಿಗೆ ಹೇಳಲಿಲ್ಲ. ಅವನ ನೆನಪಿನ ಮೇಲೂ ನನಗೇಕೆ ಅನುಮಾನ ಬರಬಾರದು? ಅಂದು ಅವನು ಶಾಲೆಗೇ ಬಂದಿರಲಿಕ್ಕಿಲ್ಲ. ಗೆಳೆಯರು ಹೇಳಿದ್ದನ್ನು ತಾನೇ ಕಂಡಂತೆ ಹೇಳಿರಬಹುದು. ಒಂದು ವಾರ ಇದನ್ನೇ ಜಪಿಸಿದೆ. ಕೊನೆಗೆ ಆಫೀಸಿನ ಅಟ್ಟದಿಂದ ಆ ವರ್ಷದ ಹಾಜರಿ ಪುಸ್ತಕ ಇಳಿಸಿ, ಧೂಳು ಹೊಡೆದು, ನನ್ನನ್ನು ಲ್ಯಾಬಿಗೆ ಹಾಕಿದ ದಿನದ ಹಿಂದಿನ ದಿನವನ್ನು ಹುಡುಕಿದೆ. ಗುರುತುಗಳೆಲ್ಲ ಹೆಡ್‌ಮಾಸ್ತರ ಕೈಬರಹದಲ್ಲಿದ್ದವು. ಆ ಮೆಕ್ಯಾನಿಕ್ಕನ ಹೆಸರಿನ ಮುಂದೆ ಬೆರಳಿಟ್ಟು ಎರಡು ಸಲ ನೋಡಿದೆ. ಅವನು ಅಂದು ಹಾಜರಿದ್ದ.