ಹೊಲಿಯದೆ ಬಿಟ್ಟ ಕಾಜಾ

ಕಾಜಕ್ಕ ಎಂದರೆ ಬೀದಿಗೆಲ್ಲ ಗೊತ್ತು. ಅವಳ ನಿಜವಾದ ಹೆಸರು ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಅಪ್ಪನ ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಲೇ ಬೆಳೆದವಳು. ಸೀಳಿದ ಅಂಚಿಗೆ ದಾರ ಸುತ್ತಿ ಮುಗಿಸಿದ ಮೇಲೆ, ಅದನ್ನು ಕಣ್ಣಿಗೆ ಹಿಡಿದು ಬೆಳಕಿನತ್ತ ನೋಡುವುದು ಅವಳ ರೂಢಿ. ಅಲ್ಲಿಗೆ ಕಟಿಂಗ್ ಕಲಿಯಲು ಬಂದವನೊಬ್ಬ "ಆ ತೂತಲ್ಲಿ ಯಾರನ್ನ ನೋಡ್ತೀರಿ?" ಎಂದು ಕೆಣಕಿದ್ದ.

"ನಿಮ್ಮ ಮೀಸೆ. ಬಲಗಡೆ ಗಿಡ್ಡ ಇದೆ."

ಅಪ್ಪ ಸುಮ್ಮಸುಮ್ಮನೆ ಕೆಮ್ಮಿದ್ದ. ಆ ಮೀಸೆಯವನೇ ಗಂಡನಾದ. ಮದುವೆಯ ಮರುದಿನವೇ ಮೀಸೆ ಸರಿಮಾಡಿಕೊಂಡ. ಎಂಥ ದಿನಗಳವು! ಮಿಷನ್ನುಗಳ ಗಲಾಟೆ, ಇಸ್ತ್ರಿಯ ಬಿಸಿ ವಾಸನೆ, ಅಪ್ಪನ ಗೊಣಗಾಟ. ಈಗ ಅಪ್ಪ ಇಲ್ಲ, ಅಂಗಡಿಯಲ್ಲಿ ಇವರಿಬ್ಬರೇ.

ಆಮೇಲೆ ಅವಳಿಗೆ ಬಿಡದ ತಲೆನೋವು ಹತ್ತಿತು. ಬಗ್ಗಿ ಎದ್ದರೆ ಕ್ಷಣಕಾಲ ಕಣ್ಣು ಕತ್ತಲೆ. ಅವಳು ಬಲ್ಬನ್ನು ಬೈದಳು. ಗಂಡ, ಪಾಪ, ಬಲ್ಬ್ ಬದಲಿಸಿದ್ದೇ ಬದಲಿಸಿದ್ದು. ಕಡೆಗೆ ಸೀಮೆಸುಣ್ಣದ ಗುರುತು ಕಾಣದೆ, ಗಂಡನ ಹೊಸ ಅಂಗಿಗೇ ಹೆಂಗಸರ ಅಂಗಿಯಂತೆ ಬಲಗಡೆ ಕಾಜಾ ಹಾಕಿಬಿಟ್ಟಳು.

"ಇರಲಿ ಬಿಡೇ," ಎಂದು ಅವನು ಅದನ್ನೇ ತೊಟ್ಟ. ಮರುದಿನ ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ತಲೆಯೊಳಗೆ ನೀರಿನ ಒತ್ತಡ ಹೆಚ್ಚಿ ಕಣ್ಣಿನ ನರ ಊದಿತ್ತು. ಮಾತ್ರೆಗೆ ಅದು ಜಗ್ಗಲಿಲ್ಲ. ಹಾಗೇ ಬಿಟ್ಟರೆ ದೃಷ್ಟಿಯೇ ಹೋಗುವಂತಿತ್ತು. ಎಡಗಣ್ಣಂತೂ ತೀರಾ ಮಂಕಾಗಿತ್ತು.

"ನರದ ಸುತ್ತ ಒಂದು ಹೊದಿಕೆ ಇರುತ್ತೆ. ಅದನ್ನ ಸ್ವಲ್ಪ ಸೀಳ್ತೀವಿ, ನೀರು ಹೊರಗೆ ಹೋಗುತ್ತೆ," ಎಂದರು ಡಾಕ್ಟರಮ್ಮ.

"ಕಾಜಾ! ಅಂಚು ಹೊಲೀತೀರಲ್ವಾ?"

"ಇಲ್ಲಮ್ಮ, ತೆರೆದೇ ಬಿಡ್ತೀವಿ."

ಕಾಜಕ್ಕನ ಜೀವ ಬಾಯಿಗೆ ಬಂತು. ಹೊಲಿಯದ ಕಾಜಾ ಎಳೆ ಬಿಡುವುದನ್ನು ಅವಳೆಷ್ಟು ಕಂಡಿಲ್ಲ! "ಬಿಚ್ಕೊಂಡು ಹೋದ್ರೆ?"

"ಬಿಚ್ಕೊಳ್ಳೋದಲ್ಲ, ಮುಚ್ಕೊಳ್ಳುತ್ತೇನೋ ಅನ್ನೋದೇ ನಮ್ಮ ಭಯ. ಹೋಗಿರೋ ದೃಷ್ಟಿ ಬರುತ್ತೆ ಅಂತ ಮಾತು ಕೊಡಲ್ಲ. ಇರೋದನ್ನ ಉಳಿಸೋಣ."

ಎಡಗಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ಊತ ಇಳಿದ ಮೇಲೊಂದು ಬೆಳಿಗ್ಗೆ, ಅವಳು ಬ್ಯಾಗಿನಿಂದ ಆ ಉಲ್ಟಾ ಅಂಗಿ ತೆಗೆದಳು. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಕಾಜಾ ಹಿಡಿದು ಗಂಡನತ್ತ ತಿರುಗಿದಳು. ಸುತ್ತಲೂ ಮಂಜು ಮಂಜು.

"ಯಾರನ್ನ ನೋಡ್ತೀರಿ?" ಎಂದು ಅವನು ಕೇಳಿದ. ಇಷ್ಟು ವರ್ಷಗಳ ಮೇಲೆ ಬಹುವಚನ!

ಅವಳು ತುಂಬಾ ಹೊತ್ತು ನೋಡಿದಳು.

"ನಿಮ್ಮ ಮೀಸೆ. ಈ ಸಲ ಎಡಗಡೆ ಗಿಡ್ಡ."

ಅಂದು ಬೆಳಿಗ್ಗೆ ಬೇಕೆಂದೇ ಅಲ್ಲಿ ಕತ್ತರಿ ಆಡಿಸಿಕೊಂಡು ಬಂದಿದ್ದ ಗಂಡ ಮಂಚದ ಅಂಚಿಗೆ ಕುಸಿದು ಕೂತು, ಮಗುವಿನ ಹಾಗೆ ಅತ್ತುಬಿಟ್ಟ.