ಒದ್ದೆ ಮ್ಯಾಗ್ನೆಟ್ಟಿನ ತೂಕ

2002ರ ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಏಳು ಗಂಟೆ. ಚಳ್ಳಕೆರೆಯಲ್ಲಿ ಲೋಹ ಕಡೆಯುವ ನನ್ನ ಲೇತ್ ಶೆಡ್ಡಿನಲ್ಲಿ ಹಾಜರಿದ್ದವರು ಮೂವರು: ನಾನು, ಮೊಳಕಾಲ್ಮೂರಿನ ಒಬ್ಬ ರೇಷ್ಮೆ ನೇಕಾರ, ಅವನ ಹೆಂಡತಿ. ಗಂಡ ಹೆಂಡತಿ ಏಳಕ್ಕೆ ಐದು ನಿಮಿಷ ಇರುವಾಗಲೇ ಬಂದಿದ್ದರು. ಮಿಲಿಟರಿಯ ವಾಹನ ದುರಸ್ತಿಯಲ್ಲಿ ಹದಿನೆಂಟು ವರ್ಷ ಕಳೆದ ನನಗೆ ಇದಕ್ಕಿಂತ ಒಳ್ಳೆಯ ನಮಸ್ಕಾರ ಬೇಕಿರಲಿಲ್ಲ.

ನೇಕಾರನಿಗೆ ಮಗ್ಗದಷ್ಟೇ ಪ್ರೀತಿ ತನ್ನ ನೂರು ಸಿಸಿಯ ಹಳೇ ಬೈಕಿನ ಮೇಲೆ. ನಿಂತಲ್ಲಿಂದ ಹೊರಟು ನಾನೂರು ಮೀಟರ್ ನೇರವಾಗಿ ಓಡುವ ಡ್ರ್ಯಾಗ್ ರೇಸಿಗೆ ಹಿಂದಿನ ವರ್ಷವೂ ಹೆಸರು ಕೊಟ್ಟಿದ್ದ. ಓಡಲು ಬಿಡಲಿಲ್ಲ. ತಪ್ಪು ನನ್ನದು. ಎಂಜಿನ್ನಿನ ಬದಿಯಲ್ಲಿ ತಿರುಗುವ ಗುಂಡನೆಯ ಭಾರಕ್ಕೆ ನಾವು ಮ್ಯಾಗ್ನೆಟ್ ಎನ್ನುತ್ತೇವೆ. ಅದು ಹಗುರವಾದಷ್ಟೂ ಬೈಕು ಬೇಗ ವೇಗ ಹಿಡಿಯುತ್ತದೆ. ನಿಯಮದ ಹಾಳೆಯನ್ನು ಪೂರ್ತಿ ಓದದೆ ನಾನು ಅದರ ಅಂಚನ್ನು ಲೇತಿನಲ್ಲಿ ಸವರಿಬಿಟ್ಟಿದ್ದೆ. ಅವನ ದರ್ಜೆಯಲ್ಲಿ ಕಂಪನಿಯ ಭಾಗವನ್ನು ಹಾಗೆ ಮುಟ್ಟುವಂತಿರಲಿಲ್ಲ. ಪರೀಕ್ಷಕರು ಬೆರಳಾಡಿಸಿ, "ಇದು ಕಂಪನಿ ಮಾಲಲ್ಲ, ಲೇತ್ ಮಾಲು" ಎಂದು ಹೊರಗೆ ನಿಲ್ಲಿಸಿದರು. ನೇಕಾರ ಈ ವರ್ಷವೂ ನನ್ನ ಹತ್ತಿರವೇ ಬಂದ. ಈ ಸಲವೂ ಹೊರಗೆ ನಿಂತರೆ ಬೈಕು ಮಾರುವುದೆಂದು ಅವರ ಮನೆಯಲ್ಲಿ ತೀರ್ಮಾನವಾಗಿತ್ತು ಎಂಬುದು ಮಾತ್ರ ನನ್ನ ಕಿವಿಗೆ ಬಿದ್ದಿತ್ತು.

ಹಾಳೆಯನ್ನು ಮೂರು ಬಾರಿ ಓದಿದೆ. ಲೋಹ ತೆಗೆಯಬಾರದು ಎಂದಿತ್ತು, ಆರಿಸಬಾರದು ಎಂದಿರಲಿಲ್ಲ. ಒಂದೇ ಕಾರ್ಖಾನೆಯ ಭಾಗಗಳೂ ತೂಕದಲ್ಲಿ ಚೂರು ಹೆಚ್ಚು ಕಡಿಮೆ ಇರುತ್ತವೆ. ಶುಕ್ರವಾರ ಸಂಜೆ ಬಿಡಿಭಾಗದ ಅಂಗಡಿಯಿಂದ ನಾಲ್ಕು ಹೊಸ ಮ್ಯಾಗ್ನೆಟ್, ಎಂಜಿನ್ನಿನ ಜೊತೆ ಅದರಂತೆಯೇ ತಿರುಗುವ ಎರಡು ಕ್ಲಚ್ ಡ್ರಮ್ ಒಂದು ದಿನದ ಮಟ್ಟಿಗೆ ಕೇಳಿ ತಂದೆ.

"ಕ್ಯಾ ಸಾಬ್, ತೂಗಿ ನೋಡಿ ತಗಳಕೆ ಇದೇನು ಕಲ್ಲಂಗಡಿನಾ?" ಎಂದು ಅಂಗಡಿಯವರು ನಕ್ಕರು. ಆದರೂ ಕೊಟ್ಟರು. ಇನ್ನೊಂದು ಮ್ಯಾಗ್ನೆಟ್ ನನ್ನ ಶೆಡ್ಡಿನಲ್ಲೇ ಬಿದ್ದಿದ್ದ ಹಳೆಯ ಎಂಜಿನ್ನಿನದು. ತಕ್ಕಡಿ ನೇಕಾರನ ಮನೆಯದು. ರೇಷ್ಮೆ ತೂಗುವ ಹಿತ್ತಾಳೆಯ ತಕ್ಕಡಿ. ಅವನ ಹೆಂಡತಿ ಅದನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

ಸೀಮೆಸುಣ್ಣದಲ್ಲಿ ನಂಬರ್ ಬರೆದು ಒಂದೊಂದಾಗಿ ತೂಗಿ, ತೂಕವನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ನಾನು ಮೂರನೆಯ ನಂಬರ್ ಕೊಟ್ಟಿದ್ದ ಹಳೆಯ ಮ್ಯಾಗ್ನೆಟ್ಟೇ ಎಲ್ಲಕ್ಕಿಂತ ಹಗುರ ಬಂತು. ಅದನ್ನು ಎತ್ತಿಕೊಂಡು ಬೈಕಿನ ಕಡೆ ಹೊರಟಾಗ ಆಕೆ ಕೂಗಿದಳು:

"ತಡಿ, ಮಾವಾ, ತಡಿ!"

ಯಾವಾಗಲೂ 'ರೀ' ಹಚ್ಚಿ ಮಾತಾಡುವವಳು ಏಕವಚನದಲ್ಲಿ ತಡೆದಳಲ್ಲ ಎಂದು ಬೆಚ್ಚಿ ನಿಂತೆ. ಆಕೆ ಉಳಿದ ಮ್ಯಾಗ್ನೆಟ್ಟುಗಳನ್ನೇ ನೋಡುತ್ತಿದ್ದಳು. ಒಂದು ನಿಮಿಷ ಕಾದೆ.

"ಎಷ್ಟೊತ್ತು ತಡೀಲವ್ವಾ? ನಾಕಕ್ಕೆ ಬೈಕ್ ಚೆಕ್ ಮಾಡಕೆ ರೇಸಿನ ಸಾಹೇಬ್ರು ಬರ್ತಾರೆ."

"ನೀವ್ಯಾಕ್ರಿ ತಡೀಬೇಕು? ತಡಿ ಇರೋದು ಅವುಗಳಿಗೆ!"

"ಲೇ, ನಿನ್ ಹೆಂಡ್ತಿ ಏನ್ ಹೇಳ್ತಾ ಅವ್ಳೆ?"

ನೇಕಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನಮ್ಮ ತೆಲುಗಿನಾಗೆ ತಡಿ ಅಂದ್ರೆ ಒದ್ದೆ, ಮಾವಾ. ನೀವು ನೋಡಿದ್ರೆ ಆರ್ಡರ್ ಕೊಟ್ಟಂಗೆ ನಿಂತೇ ಬಿಟ್ರಿ!"

ಆಕೆ ಹೊಸ ಮ್ಯಾಗ್ನೆಟ್ಟಿನ ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದಳು. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ಗ್ರೀಸು. "ಒದ್ದೆ ರೇಷ್ಮೆ ತೂಗಿದ್ರೆ ತಕ್ಕಡಿನೂ ಸುಳ್ಳು ಹೇಳ್ತೈತ್ರಿ. ನಾವು ಒಣಗಿಸ್ದೆ ತೂಗಲ್ಲ" ಎಂದಳು.

ನನ್ನ ಹಳೆಯದು ಒಣಗಿತ್ತು, ಹೊಸ ನಾಲ್ಕೂ ಗ್ರೀಸು ಹೊತ್ತಿದ್ದವು. ಜೀವಮಾನವೆಲ್ಲ ಬಿಡಿಭಾಗ ಮುಟ್ಟಿದವನಿಗೆ ಇದು ಹೊಳೆದಿರಲಿಲ್ಲ. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಗೋಣಿಚೀಲದ ಮೇಲೆ ನಂಬರಿನ ಸಾಲಿನಲ್ಲೇ ಬಿಸಿಲಿಗೆ ಇಟ್ಟೆವು. ಹತ್ತು ಗಂಟೆಗೆ ಮತ್ತೆ ತೂಕ. ಈ ಸಲ ತೂಗಿದವಳು ಆಕೆ. ಮೂರನೆಯದು ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಐದನೆಯ ನಂಬರಿನ ಹೊಸದು ಗೆದ್ದಿತು. ಡ್ರಮ್ಮಿನ ಆಯ್ಕೆ ಮಾತ್ರ ಬದಲಾಗಲಿಲ್ಲ.

ಗೆದ್ದ ಮ್ಯಾಗ್ನೆಟ್ಟನ್ನು ನಾನು ಲೇತಿಗೆ ಏರಿಸಿದಾಗ ನೇಕಾರನ ನಗು ನಿಂತುಹೋಯಿತು.

"ಮಾವಾ! ಮತ್ತೆ ಲೇತಾ?"

"ಕೊಯ್ಯೋ ಟೂಲ್ ಕಳಚಿಟ್ಟೀನಿ, ನೋಡ್ಲೇ. ಓಲಾಡ್ತತೋ ಏನೋ ಅಂತ ಬರೀ ತಿರುಗಿಸ್ತೀನಿ."

ಓಲಾಡಲಿಲ್ಲ. ಮಧ್ಯಾಹ್ನ ಎರಡಕ್ಕೆ ಜೋಡಣೆ ಮುಗಿಯಿತು. ಬಳ್ಳಾರಿಯಿಂದ ದುರ್ಗಕ್ಕೆ ಹೊರಟಿದ್ದ ಪರೀಕ್ಷಕರು ದಾರಿಯಲ್ಲಿ ನನ್ನ ಶೆಡ್ಡಿಗೆ ಬಂದು ಇಳಿದಾಗ ನಾಲ್ಕೂ ಹತ್ತು. ಹಿಂದಿನ ವರ್ಷದ ಅದೇ ಮನುಷ್ಯ. ಮುಚ್ಚಳ ತೆಗೆಸಿ, ಟಾರ್ಚ್ ಬಿಟ್ಟು, ಅಂಚಿನ ಸುತ್ತ ಎರಡು ಸುತ್ತು ಬೆರಳಾಡಿಸಿದರು.

"ಈ ಸಲ ಎಷ್ಟು ಸವರಿದ್ರಿ?"

"ಸವರಿಲ್ಲ ಸಾರ್. ಆರಿಸಿದ್ವಿ."

ನನ್ನ ಪುಸ್ತಕ ತೋರಿಸಿದೆ. ಒದ್ದೆಯ ತೂಕ ಹೊಡೆದುಹಾಕಿದ್ದು, ಒಣಗಿದ ತೂಕ ಪಕ್ಕದಲ್ಲಿ. ಅವರು ಅದನ್ನು ನಿಧಾನವಾಗಿ ಓದಿದರು. ಆಮೇಲೆ ಮುಚ್ಚಳ ಹಾಕಿಸಿ, ಯಾರೂ ಬಿಚ್ಚದಂತೆ ಬೋಲ್ಟುಗಳ ಮೇಲೆ ಕೆಂಪು ಬಣ್ಣದ ಗೆರೆ ಎಳೆದು, "ಓಡಿಸಪ್ಪಾ" ಎಂದು ನೇಕಾರನ ಬೆನ್ನು ತಟ್ಟಿದರು.

ಅವನು ಆ ಹಸಿ ಗೆರೆಯನ್ನು ಮುಟ್ಟಿ ನೋಡಲು ಕೈ ಚಾಚಿದ.

"ತಡಿ!" ಎಂದಳು ಹೆಂಡತಿ.

ಯಾವ ಭಾಷೆಯ ತಡಿ ಎಂದು ನಾನು ಕೇಳಲಿಲ್ಲ. ಎರಡೂ ಸರಿಯಾಗಿಯೇ ಇದ್ದವು.

ಐದೂವರೆಗೆ ಅವರು ಬೈಕಿನಲ್ಲಿ ಹೊರಟರು, ತಕ್ಕಡಿ ಮತ್ತೆ ಆಕೆಯ ತೊಡೆಯ ಮೇಲೆ. ಬೈಕಿನ ಸದ್ದು ಮೊದಲಿಗಿಂತ ಚುರುಕಾಗಿತ್ತು. ನಾನು ಉಳಿದ ಮೂರು ಹೊಸ ಮ್ಯಾಗ್ನೆಟ್ಟುಗಳಿಗೂ ಒಂದು ಡ್ರಮ್ಮಿಗೂ ಮೊದಲಿನಂತೆಯೇ ಗ್ರೀಸು ಸವರಿ, ಕಾಗದ ಸುತ್ತಿ, ಡಬ್ಬಿಗಳಿಗೆ ಹಾಕಿ, ಇಟ್ಟುಕೊಂಡ ಎರಡರ ದುಡ್ಡಿನ ಜೊತೆ ಅಂಗಡಿ ಬಾಗಿಲು ಹಾಕುವ ಮೊದಲು ಒಪ್ಪಿಸಿ ಬಂದೆ.